ಗಿಟಾರ್ ಹಿಡಿದು ಊರೂರು ಸುತ್ತುವವರು: ರಸಮಂಜರಿ, ರೆಕಾರ್ಡಿಂಗ್, ಮನೆ ಬಾಡಿಗೆ

ಆರು_ತಂತಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲೊಂದು ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಶನಿವಾರ, ಭಾನುವಾರ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತೇನೆ. ಈಗ ಸ್ವಲ್ಪ ಹೆಸರಿರುವ ಗಾಯಕರೊಬ್ಬರ ತಂಡದಿಂದ ಕರೆ ಬಂದಿದೆ. ಗಣೇಶನ ಹಬ್ಬಕ್ಕೆ ಶುರುವಾದರೆ ರಾಜ್ಯೋತ್ಸವ ಮುಗಿಯುವ ತನಕ ಊರೂರು ಸುತ್ತಬೇಕು. ಅಂಗಡಿ ಕೆಲಸ ಬಿಡಬೇಕಾಗುತ್ತದೆ. ಮನೆಯಲ್ಲಿ ಅಪ್ಪ ಮಾತು ಬಿಟ್ಟಿದ್ದಾರೆ, ಅಮ್ಮನ ಮೂಲಕ ಬೈಯುತ್ತಿದ್ದಾರೆ.

ಸೋಲೋ ಚೆನ್ನಾಗಿ ನುಡಿಸುತ್ತೇನೆ, ಸ್ಪೀಡ್ ಇದೆ, ಅದರ ಬಗ್ಗೆ ಭಯ ಇಲ್ಲ. ಕನ್ನಡ ಸ್ಟೇಜ್ ನಂಬಿಕೊಂಡು ಗಿಟಾರಿಸ್ಟ್ ಒಬ್ಬ ಮನೆ ನಡೆಸಬಹುದಾ? ನಡೆಸುತ್ತಿರುವವರು ಯಾರಾದರೂ ಇದ್ದರೆ ಇದ್ದದ್ದು ಇದ್ದ ಹಾಗೆ ಹೇಳಿ.

ಹಳೇ_ಗಿವ್ಸನ್, ಮೈಸೂರು

ತಮ್ಮಾ, ಮೊದಲು ಗೋಡೆ ಮೇಲಿನ ಕ್ಯಾಲೆಂಡರ್ ನೋಡು. ನಮ್ಮ ಸಂಬಳ ಬರೆದಿರುವುದು ಅಲ್ಲಿ.

ಗಣೇಶ ಕೂತ ದಿನದಿಂದ ನಮ್ಮ ವರ್ಷ ಶುರು. ಗಣೇಶ ಬಿಟ್ಟರೂ ಕಾರ್ಯಕ್ರಮ ಬಿಡುವುದಿಲ್ಲ, ಒಂದೊಂದು ಬಡಾವಣೆಯವರು ಒಂದೊಂದು ವಾರ ಕೂರಿಸುತ್ತಾರೆ. ಆಮೇಲೆ ದಸರಾ. ನವೆಂಬರ್ 1ಕ್ಕೆ ರಾಜ್ಯೋತ್ಸವ ಅಂತ ಹೆಸರಷ್ಟೇ, ಆಟೋ ನಿಲ್ದಾಣದವರು, ಸಂಘದವರು ಡಿಸೆಂಬರ್ ತನಕ ಎಳೆಯುತ್ತಾರೆ. ನಡುವೆ ಸ್ಕೂಲ್ ಡೇ, ಕಾಲೇಜ್ ಡೇ. ಸಂಕ್ರಾಂತಿ ಕಳೆದರೆ ಜಾತ್ರೆಗಳು, ಏಪ್ರಿಲ್–ಮೇ ಮದುವೆ ರಿಸೆಪ್ಷನ್. ಆಮೇಲೆ ಮಳೆ, ಅದರ ಬೆನ್ನಿಗೇ ಆಷಾಢ. ಮದುವೆಯೂ ಇಲ್ಲ, ಪೆಂಡಾಲೂ ಇಲ್ಲ. ಆಷಾಢದಲ್ಲಿ ಬರುವ ಫೋನ್ ಎಲ್ಲ ಸಾಲ ಕೊಟ್ಟವರದ್ದೇ.

ಅದಕ್ಕೇ, ನವೆಂಬರ್‌ನಲ್ಲಿ ಕೈಗೆ ಬಂದ ದುಡ್ಡು ನವೆಂಬರ್‌ದಲ್ಲ. ಇದು ಅರ್ಥವಾಗದೆ ಆ ತಿಂಗಳೇ ಕಂತಿನಲ್ಲಿ ಗಿಟಾರ್ ಎಫೆಕ್ಟ್‌ಗೆ ಅಂತ ಹೊಸ ಪ್ರೊಸೆಸರ್ ತಗೊಂಡು, ಜುಲೈನಲ್ಲಿ ಅದನ್ನೇ ಅರ್ಧ ರೇಟಿಗೆ ಮಾರಿದ ಹುಡುಗರನ್ನು ಸಾಲಾಗಿ ನೋಡಿದ್ದೇನೆ.

ಇನ್ನೊಂದು. ಕ್ಯಾಸೆಟ್ ಕಾಲದಲ್ಲಿ ರಸಮಂಜರಿ ಅಂದರೆ ಬೆಳಗಿನ ಜಾವದ ತನಕ. ಶಬ್ದಮಾಲಿನ್ಯ ನಿಯಮ 2000ರಲ್ಲಿ ಬಂತು, 2005ರಲ್ಲಿ ಸುಪ್ರೀಂ ಕೋರ್ಟ್ ಬಿಗಿ ಮಾಡಿತು. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಲ್ಲಿ ಮೈಕ್ ಹಾಕುವಂತಿಲ್ಲ. ಸರ್ಕಾರ ಬೇಕಿದ್ದರೆ ವರ್ಷಕ್ಕೆ 15 ದಿನ ಮಾತ್ರ ಮಧ್ಯರಾತ್ರಿ ತನಕ ಬಿಡಬಹುದು. ನಿದ್ದೆಗೆ ಒಳ್ಳೆಯದಾಯಿತು, ನಿಜ. ಆದರೆ ಭಾಷಣ, ಸನ್ಮಾನ, ಶಾಲು, ಹಾರ ಮುಗಿಯುವಷ್ಟರಲ್ಲೇ ಒಂಬತ್ತಾಗಿರುತ್ತದೆ. ಉಳಿದ ಒಂದು ಗಂಟೆಯಲ್ಲಿ ನಿನ್ನ ಸೋಲೋ ಕೇಳುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ. ಹಾಡಿನ ಮೇಲೆ ಹಾಡು ಓಡಬೇಕು.

ಕಪ್ಪು_ಎರಡು, ಹುಬ್ಬಳ್ಳಿ

ಗಿವ್ಸನ್ ಅಣ್ಣ ಹೇಳಿದ್ದಕ್ಕೆ ನನ್ನದೊಂದು ಸೇರಿಸುತ್ತೇನೆ. "ಸ್ಪೀಡ್ ಇದೆ" ಅಂದಿದ್ದೀರಲ್ಲ, ಅದನ್ನು ಯಾರೂ ಕೇಳುವುದಿಲ್ಲ ನೋಡ್ರಿ. ಕೇಳುವುದು ಶ್ರುತಿ.

ನಮ್ಮ ಕಡೆ ಗಾಯಕರು "ಕಪ್ಪು ಎರಡು" ಅನ್ನುತ್ತಾರೆ, ಅಂದರೆ ಹಾರ್ಮೋನಿಯಂನ ಎರಡನೇ ಕಪ್ಪು ಮನೆ. ಮೈಸೂರು ಕಡೆಯವರು "ಎರಡೂವರೆ ಮನೆ" ಅನ್ನುತ್ತಾರೆ. ಚರ್ಚ್‌ನಲ್ಲಿ ಕಲಿತ ಕೀಬೋರ್ಡಿನವ "ಡಿ ಶಾರ್ಪ್" ಅನ್ನುತ್ತಾನೆ. ಮೂರೂ ಒಂದೇ. ಹೇಳಿ ಮುಗಿಯುವ ಮೊದಲೇ ಕೇಪೋ (ತಂತಿಗಳನ್ನೆಲ್ಲ ಒತ್ತಿ ಹಿಡಿದು ಶ್ರುತಿ ಏರಿಸುವ ಕ್ಲಿಪ್) ಒಂದನೇ ಫ್ರೆಟ್‌ಗೆ ಹೋಗಿರಬೇಕು, ಕೈ ಡಿ ಶೇಪ್‌ನಲ್ಲಿರಬೇಕು. ಇಲ್ಲವೇ ಮೂರನೇ ಫ್ರೆಟ್, ಸಿ ಶೇಪ್. ಹಾಡು ಯಾವುದು, ತಬಲಾ ಎಷ್ಟು ತುಂಬಿಕೊಂಡು ಬರುತ್ತಿದೆ ಅನ್ನುವುದನ್ನು ನೋಡಿ ಎರಡರಲ್ಲಿ ಒಂದು. ತಬಲಾ ಜೋರಿದ್ದರೆ ನಾನು ಮೂರನೇ ಫ್ರೆಟ್ ಹಿಡಿಯುತ್ತೇನೆ, ತೆಳ್ಳಗೆ ಮೇಲೆ ಕೇಳಿಸುತ್ತದೆ.

ಅಷ್ಟೂ ಆದ ಮೇಲೆ ಗಾಯಕರು ಗಂಟಲು ಸರಿಮಾಡಿಕೊಂಡು ಹಿಂದೆ ತಿರುಗಿ, "ಇವತ್ತು ಅರ್ಧ ಮನೆ ಇಳಿಸೋಣಪ್ಪ" ಅನ್ನುತ್ತಾರೆ. ಕೀಬೋರ್ಡಿನವನಿಗೆ ಟ್ರಾನ್ಸ್‌ಪೋಸ್ ಬಟನ್ ಇದೆ, ಒಂದು ಸಲ ಒತ್ತಿದರೆ ಮುಗಿಯಿತು. ನಾವು ಕೇಪೋ ಕಿತ್ತು, ಹಾಡಿನ ನಡುವಿನ ಬಿಜಿಎಂ ಬಿಟ್ ಎಲ್ಲ ಒಂದು ಫ್ರೆಟ್ ಕೆಳಗೆ ತಲೆಯಲ್ಲೇ ಜಾರಿಸಬೇಕು. ಡ್ಯುಯೆಟ್ ಮುಗಿದು ಮುಂದಿನದು ಮೇಡಂ ಅವರ ಹಾಡು, ಅವರದು ಕಪ್ಪು ನಾಲ್ಕು. ನಡುವೆ ಸಿಗುವುದು ನಿರೂಪಕರ ಒಂದು ಜೋಕ್‌ನಷ್ಟು ಸಮಯ.

ರಾಗ ಬೇಸ್ ಇರುವ ಹಾಡುಗಳಲ್ಲಿ ಇನ್ನೊಂದು ಹುಷಾರು. ಮೋಹನದಲ್ಲಿ ಮಧ್ಯಮ ಇಲ್ಲ. ಸಿ ಶ್ರುತಿಯ ಮೋಹನದ ಹಾಡಿಗೆ ನೀವು ಕೈ ಅಭ್ಯಾಸದಲ್ಲಿ ಆ ಮಧ್ಯಮವೇ ಇರುವ ಎಫ್ ಕಾರ್ಡ್ ಹಾಕಿದರೆ ಗಾಯಕರು ತಿರುಗಿ ನೋಡುತ್ತಾರೆ. ಎ ಮೈನರ್ ಹಾಕಿ, ಅದರ ಮೂರು ಸ್ವರವೂ ರಾಗದ ಒಳಗೇ ಇವೆ. ಇದನ್ನು ಯೂಟ್ಯೂಬ್ ನೋಡಿ ಕಲಿತ ಹುಡುಗರಿಗೆ ಹೇಳಿಕೊಡಬೇಕಾಗುತ್ತದೆ. ಗಾಯಕರ ಜೊತೆ ಕೂತು ಕಲಿತವರಿಗೆ ಹೇಳಬೇಕಾಗಿಲ್ಲ.

ಲೂಪ್_ಪೆಡಲ್, ಬೆಂಗಳೂರು

ನನಗೆ ಈ ಮಾತು ಪೂರ್ತಿ ಒಪ್ಪಿಗೆ ಇಲ್ಲ. "ಗಾಯಕರ ಹಿಂದೆ ಬಿದ್ದಿರು, ಅದೇ ನಿನ್ನ ಕೆಲಸ" ಅಂತ ನಾವೇ ಹೇಳಿಕೊಂಡು ಹೇಳಿಕೊಂಡು ಗಿಟಾರನ್ನು ಮೂಲೆಗೆ ತಳ್ಳಿದ್ದೇವೆ. ಇವತ್ತು ಎಷ್ಟೋ ರಸಮಂಜರಿಗಳಲ್ಲಿ ಕೀಬೋರ್ಡ್, ರಿದಮ್ ಪ್ಯಾಡ್, ಲ್ಯಾಪ್‌ಟಾಪ್‌ನಲ್ಲಿ ಮೊದಲೇ ರೆಕಾರ್ಡ್ ಮಾಡಿಟ್ಟ ಟ್ರ್ಯಾಕ್, ಮುಗೀತು. ಗಿಟಾರಿಸ್ಟ್‌ನನ್ನು ಕರೆಯುವುದು ಸ್ಟೇಜ್ ತುಂಬಿದ ಹಾಗೆ ಕಾಣಲಿ ಅಂತ. ಕೇಬಲ್ ಹಾಕದ ಗಿಟಾರ್ ಹಿಡಿದು ನಿಂತವರನ್ನೂ ನೋಡಿದ್ದೇನೆ.

ದಾರಿ ಬೇರೆಯೂ ಇದೆ ಅಲ್ವಾ? ಮೈಸೂರಿನ ರಘು ದೀಕ್ಷಿತ್ ಅವರು ಶಿಶುನಾಳ ಶರೀಫರ ಪದಗಳನ್ನು ಗಿಟಾರ್ ಮೇಲೆ ತಂದರು. ಮೊದಲ ಆಲ್ಬಂ ಬಂದಿದ್ದು 2008ರಲ್ಲಿ. 2010ರಲ್ಲಿ ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದ ತನಕ ಹೋದರು. ಲುಂಗಿ, ಗೆಜ್ಜೆ, ಕೈಯಲ್ಲಿ ಗಿಟಾರ್, ಬಾಯಲ್ಲಿ ಕನ್ನಡ. ಅದೂ ಮೈಸೂರಿನಲ್ಲೇ ಹುಟ್ಟಿದ ಸ್ವರಾತ್ಮ ಬ್ಯಾಂಡ್ ಕೂಡ ಕನ್ನಡದಲ್ಲಿ ಹಾಡುತ್ತಾ ದೇಶ ಸುತ್ತಿತು. ಇವರು ಯಾರೂ ಕೇಪೋ ಎಲ್ಲಿ ಹಾಕಲಿ ಅಂತ ಇನ್ನೊಬ್ಬರನ್ನು ಕೇಳಿಕೊಂಡು ಕೂರಲಿಲ್ಲ. ಸ್ವಂತ ಹಾಡು ಮಾಡಿ ತಮ್ಮಾ.

ಹಳೇ_ಗಿವ್ಸನ್, ಮೈಸೂರು

ಲೂಪ್ ಅವರೇ, ಅವರ ಮೇಲೆ ನನಗೂ ಅಭಿಮಾನ ಇದೆ, ನಮ್ಮೂರಿನವರು. ಆದರೆ ಅವರು ಮುಂದೆ ನಿಂತು ಹಾಡುವವರು, ಗಿಟಾರ್ ಜೊತೆಗಿದೆ. ಈ ಹುಡುಗ ಹಾಡುತ್ತೇನೆ ಅಂದಿಲ್ಲ. ಅವನು ಕೇಳಿದ್ದು ಇನ್ನೊಬ್ಬರ ಹಾಡಿನ ಪಕ್ಕ ನಿಂತು ಬದುಕುವುದರ ಬಗ್ಗೆ. ಅದನ್ನು ಕೀಳು ಅಂತ ಯಾಕೆ ಅಂದುಕೊಳ್ಳಬೇಕು?

ಇಳಯರಾಜಾ ಅವರನ್ನೇ ತಗೊಳ್ಳಿ. ಹದಿನಾಲ್ಕರ ವಯಸ್ಸಿನಲ್ಲಿ ಅಣ್ಣ ಪಾವಲರ್ ವರದರಾಜನ್ ಅವರ ತಂಡದ ಜೊತೆ ಊರೂರು ಸುತ್ತಲು ಶುರು ಮಾಡಿದರು. 1968ರಲ್ಲಿ ಮದ್ರಾಸಿಗೆ ಬಂದು ಧನರಾಜ್ ಮಾಸ್ಟರ್ ಹತ್ತಿರ ಪಾಶ್ಚಾತ್ಯ ಸಂಗೀತ ಕಲಿತರು, ಕ್ಲಾಸಿಕಲ್ ಗಿಟಾರ್‌ನಲ್ಲಿ ಲಂಡನ್ ಟ್ರಿನಿಟಿ ಕಾಲೇಜಿನ ಚಿನ್ನದ ಪದಕ ತಗೊಂಡರು. ಅಷ್ಟೆಲ್ಲ ಇದ್ದವರು ಆಮೇಲೆ ಸ್ಟುಡಿಯೋದಲ್ಲಿ ಬಾಡಿಗೆ ಗಿಟಾರಿಸ್ಟ್ ಆಗಿ ಕೂತರು. ನಮ್ಮ ಜಿ.ಕೆ. ವೆಂಕಟೇಶ್ ಅವರಿಗೆ ಸಹಾಯಕರಾಗಿ ಸುಮಾರು ಕನ್ನಡ ಸಿನಿಮಾಗಳಿಗೆ ಕೆಲಸ ಮಾಡಿದರು. ಆಗ ಕನ್ನಡ ಹಾಡುಗಳ ರೆಕಾರ್ಡಿಂಗ್ ಎಲ್ಲ ಮದ್ರಾಸಿನಲ್ಲೇ ತಾನೇ. ಸ್ವಂತ ಹೆಸರಲ್ಲಿ ಮೊದಲ ಸಿನಿಮಾ 1976ರಲ್ಲಿ. ಅಲ್ಲಿಯ ತನಕ ಅವರು ಮಾಡಿದ್ದು ಇದೇ ಕೆಲಸ. ಇನ್ನೊಬ್ಬರು ಹೇಳಿದ ಶ್ರುತಿಯಲ್ಲಿ, ಹೇಳಿದಷ್ಟು, ಹೇಳಿದ ಹಾಗೆ. ಆಮೇಲೆ ಅವರ ಸ್ವಂತ ಹಾಡುಗಳಲ್ಲಿ ಗಿಟಾರ್ ಎಲ್ಲಿ ಮಾತಾಡಬೇಕು, ಎಲ್ಲಿ ಬಾಯಿ ಮುಚ್ಚಬೇಕು ಅಂತ ಅಷ್ಟು ಚೆನ್ನಾಗಿ ಇದೆಯಲ್ಲ, ಅದಕ್ಕೆ ಪದಕ ಒಂದೇ ಕಾರಣ ಅಂತ ನನಗೆ ಅನಿಸುವುದಿಲ್ಲ.

ಎಲ್ಲರೂ ಇಳಯರಾಜಾ ಆಗುವುದಿಲ್ಲ, ಗೊತ್ತು. ಪಕ್ಕ ನಿಲ್ಲುವುದನ್ನು ಕಲಿಯದೆ ಮುಂದೆ ನಿಲ್ಲಲು ಹೋದವರನ್ನು ಮಾತ್ರ ಜಾಸ್ತಿ ನೋಡಿದ್ದೇನೆ.

ಲೂಪ್_ಪೆಡಲ್, ಬೆಂಗಳೂರು

ಸರಿ, ಆ ಮಾತಿಗೆ ಎದುರಿಲ್ಲ. ಆದರೆ ಟ್ರ್ಯಾಕ್ ವಿಷಯ ನೀವು ಬಿಟ್ಟೇಬಿಟ್ಟಿರಿ.

ಹಳೇ_ಗಿವ್ಸನ್, ಮೈಸೂರು

ಬಿಟ್ಟಿಲ್ಲ, ಹೊಟ್ಟೆಯುರಿ, ಅದಕ್ಕೆ ಸುಮ್ಮನಾದೆ. 1987ರಲ್ಲಿ ಪ್ರೇಮಲೋಕ ಬಂದ ಮೇಲೆ ಹಳ್ಳಿ ಜಾತ್ರೆಯಲ್ಲೂ ಎಲೆಕ್ಟ್ರಿಕ್ ಗಿಟಾರ್ ಕೇಳುತ್ತಿದ್ದರು. ಹಂಸಲೇಖ ಅವರ ಹಾಡುಗಳಿಂದ ನಮ್ಮ ಎಷ್ಟೋ ಮನೆಗಳಲ್ಲಿ ಒಲೆ ಉರಿಯಿತು. ಆಮೇಲೆ ಒಳ್ಳೆಯ ಕೀಬೋರ್ಡ್ ಬಂತು, ಅದರಲ್ಲೇ ಗಿಟಾರ್ ಟೋನ್ ಬಂತು. ಒಬ್ಬರ ಪೇಮೆಂಟ್ ಉಳಿಯಿತು ಅಂತ ಆಯೋಜಕರಿಗೆ ಖುಷಿ. ಈಗ ಟ್ರ್ಯಾಕ್. ಒಂದು ಮಾತ್ರ, ಟ್ರ್ಯಾಕ್‌ಗೆ "ಅರ್ಧ ಮನೆ ಇಳಿಸೋಣ" ಅಂದರೆ ಸದ್ದು ಕೆಡುತ್ತದೆ. ಪ್ರೇಕ್ಷಕರು "ಒನ್ಸ್ ಮೋರ್" ಅಂದರೆ ಅದಕ್ಕೆ ಪಲ್ಲವಿಗೆ ವಾಪಸ್ ಬರಲು ಗೊತ್ತಿಲ್ಲ. ಹಾಗಾಗಿ ನಿಜವಾಗಿ ಹಾಡುವ ಗಾಯಕರು ಇರುವ ಕಡೆ ನಮಗೆ ಇನ್ನೂ ಜಾಗ ಇದೆ.

ಮಿಕ್ಸರ್_ಮಾವ, ತುಮಕೂರು

ನಾನು ಗಿಟಾರಿಸ್ಟ್ ಅಲ್ಲ, ಸೌಂಡಿನವನು. ಆದರೂ ಇದನ್ನು ಹೇಳದೆ ಹೋದರೆ ರಾತ್ರಿ ನಿದ್ದೆ ಬರಲ್ಲ.

ಹಳ್ಳಿ ಸ್ಟೇಜ್‌ನಲ್ಲಿ ಕರೆಂಟ್ ಎಲ್ಲಿಂದ ಬರುತ್ತಿದೆ ಅಂತ ಕೇಳದೆ ಎಲೆಕ್ಟ್ರಿಕ್ ಗಿಟಾರ್ ಪ್ಲಗ್ ಮಾಡಬೇಡಿ. ಸೌಂಡ್ ಸಿಸ್ಟಮ್ ಜನರೇಟರ್ ಮೇಲೆ ಇರುತ್ತದೆ. ನಿಮ್ಮ ಆಂಪ್‌ಗೆ ಯಾರೋ ಪುಣ್ಯಾತ್ಮರು ಪಕ್ಕದ ದೇವಸ್ಥಾನದಿಂದ ವೈರ್ ಎಳೆದಿರುತ್ತಾರೆ, ಅದೂ ಎರಡೇ ಪಿನ್, ಅರ್ತ್ ಇಲ್ಲ. ನಿಮ್ಮ ಕೈ ತಂತಿ ಮೇಲೆ ಇದೆ, ತಂತಿ ಬ್ರಿಜ್ ಮೂಲಕ ಆಂಪ್‌ನ ಗ್ರೌಂಡ್‌ಗೆ ಸೇರಿದೆ. ಕೋರಸ್ ಹಾಡಲು ಅಂತ ಮೈಕ್‌ಗೆ ತುಟಿ ತಾಗಿಸುತ್ತೀರಿ. ಮೈಕ್ ಗ್ರೌಂಡ್ ಬೇರೆ ಕಡೆಯದು. ಎರಡರ ನಡುವೆ ಇರುವ ವೋಲ್ಟೇಜ್ ಅಷ್ಟೂ ನಿಮ್ಮ ಬಾಯಿಂದ ಕೈಗೆ ಹರಿಯುತ್ತದೆ. ಅದೃಷ್ಟ ಇದ್ದರೆ ತುಟಿ ಚುರ್ ಅನ್ನುತ್ತದೆ. ಇಲ್ಲದಿದ್ದರೆ ಜೀವ ಹೋಗುತ್ತದೆ, ತಮಾಷೆಯ ಮಾತಲ್ಲ. ಮಳೆ ಬಂದು ಸ್ಟೇಜ್ ಒದ್ದೆಯಾಗಿದ್ದರೆ ಇನ್ನೂ ಅಪಾಯ.

ಚಿಕ್ಕ ಮಲ್ಟಿಮೀಟರ್ ಒಂದು ಬ್ಯಾಗಿನಲ್ಲಿರಲಿ. ಎ.ಸಿ. ವೋಲ್ಟ್‌ಗೆ ಇಟ್ಟು ಒಂದು ಕಡ್ಡಿ ತಂತಿಗೆ, ಇನ್ನೊಂದು ಮೈಕ್‌ನ ಜಾಲರಿಗೆ ಮುಟ್ಟಿಸಿ. ಸೊನ್ನೆ ಹತ್ತಿರ ಇದ್ದರೆ ಸರಿ. ಹತ್ತಾರು ವೋಲ್ಟ್ ತೋರಿಸಿದರೆ ನುಡಿಸಬೇಡಿ, ಸೌಂಡಿನವನನ್ನು ಕರೆದು ಎಲ್ಲ ಒಂದೇ ಲೈನ್, ಒಂದೇ ಅರ್ತ್ ಮೇಲೆ ಹಾಕಿಸಿ. ಅಧ್ಯಕ್ಷರು ಬಂದರು, ಬೇಗ ಶುರು ಮಾಡಿ ಅಂತ ಯಾರು ಕೂಗಿದರೂ ಕೇಳಬೇಡಿ. ಗಿಟಾರ್‌ಗೆ ವೈರ್‌ಲೆಸ್ ಇದ್ದರೆ ನಿಮಗೂ ಆಂಪ್‌ಗೂ ಸಂಬಂಧವೇ ಇರಲ್ಲ, ಈ ಭಯ ತಪ್ಪುತ್ತದೆ. ಮೈಕ್‌ಗೆ ಸ್ಪಂಜಿನ ಟೋಪಿ ಹಾಕಿಟ್ಟುಕೊಳ್ಳಿ, ಸ್ವಲ್ಪವಾದರೂ ರಕ್ಷಣೆ.

ಗಿಟಾರ್‌ನಲ್ಲಿ ಝೂಂ ಅಂತ ಬರುತ್ತಿದ್ದರೆ ಅದು ಬೇರೆ ಕಥೆ. ಬಹಳ ಸಲ ಸ್ಟೇಜಿನ ಸೀರಿಯಲ್ ಸೆಟ್ ಲೈಟ್, ಡಿಮ್ಮರ್ ಕಾರಣ. ಸಿಂಗಲ್ ಕಾಯಿಲ್ ಪಿಕಪ್ ಇದ್ದವರಿಗೆ ಜಾಸ್ತಿ. ನಿಂತ ಜಾಗದಲ್ಲೇ ಸ್ವಲ್ಪ ತಿರುಗಿ ನೋಡಿ, ಒಂದು ದಿಕ್ಕಿನಲ್ಲಿ ಕಡಿಮೆಯಾಗುತ್ತದೆ.

ಕಪ್ಪು_ಎರಡು, ಹುಬ್ಬಳ್ಳಿ

ಮಾವ, ಇದನ್ನು ಪ್ರಿಂಟ್ ತೆಗೆದು ನಮ್ಮ ಟಿಟಿ ಗಾಡಿಯ ಗಾಜಿಗೆ ಅಂಟಿಸುತ್ತೇನೆ. ನಮ್ಮ ಬೇಸ್ ಗಿಟಾರಿನವನಿಗೆ ಒಂದು ಜಾತ್ರೆಯಲ್ಲಿ ತುಟಿ ಸುಟ್ಟು ಗುಳ್ಳೆ ಎದ್ದಿತ್ತು. ಮಾರನೇ ದಿನ ಮದುವೆ ಮನೆಯಲ್ಲಿ ಪಾಯಸ ಕುಡಿಯಲಾಗದೆ ಒದ್ದಾಡಿದ.

ಎಫ್_ಶಾರ್ಪ್_ಅಕ್ಕ, ಮಂಗಳೂರು

ಇಲ್ಲಿ ಎಲ್ಲರೂ "ತಮ್ಮಾ, ಅಣ್ಣಾ" ಅಂತಲೇ ಮಾತಾಡುತ್ತಿದ್ದೀರಿ, ಹಾಗಾಗಿ ನಾನೂ ಬರೆಯುತ್ತೇನೆ. ನಾನು ರಿದಮ್ ಗಿಟಾರ್. ಚರ್ಚ್ ಕ್ವಾಯರ್‌ನಲ್ಲಿ ಕಲಿತದ್ದು, ಆಮೇಲೆ ಕೊಂಕಣಿ ಕಾರ್ಯಕ್ರಮ, ತುಳು ಕಾರ್ಯಕ್ರಮ, ಈಗ ಕನ್ನಡ ಭಾವಗೀತೆ ತಂಡ.

ಹುಡುಗಿ ಗಿಟಾರ್ ಹಿಡಿದು ಬಂದರೆ ಮೊದಲ ಪ್ರಶ್ನೆ "ನೀವು ಯಾವ ಹಾಡು ಹಾಡುತ್ತೀರಿ ಮೇಡಂ?" ಎರಡನೆಯದು "ಯಜಮಾನರು ಬಂದಿಲ್ವಾ?" ಇದಕ್ಕೆಲ್ಲ ನಕ್ಕುಬಿಡುತ್ತೇನೆ. ನಗು ಬಾರದ ವಿಷಯ ಶೌಚಾಲಯ. ಸ್ಟೇಜ್ ಹಿಂದೆ ಒಂದು ಶಾಮಿಯಾನ ಪರದೆ ಕಟ್ಟಿ ಗ್ರೀನ್ ರೂಮ್ ಅನ್ನುತ್ತಾರೆ. ಮಧ್ಯಾಹ್ನ ಸೌಂಡ್ ಚೆಕ್‌ಗೆ ಹೋದರೆ ರಾತ್ರಿ ಹನ್ನೊಂದರ ತನಕ ನೀರು ಕುಡಿಯದೆ ಕೂರುವ ಗಾಯಕಿಯರು ಎಷ್ಟೋ ಜನ ಇದ್ದಾರೆ. ನೀರು ಕುಡಿಯದೆ ಹಾಡುವುದು ಅಂದರೆ ಏನು ಅಂತ ಹಾಡುವವರಿಗೇ ಗೊತ್ತು. ನಾನು ಈಗ ಡೇಟ್ ಒಪ್ಪಿಕೊಳ್ಳುವ ಮೊದಲೇ ಎರಡು ವಿಷಯ ಕೇಳುತ್ತೇನೆ: ಹತ್ತಿರ ಯಾರದ್ದಾದರೂ ಮನೆ ಅಥವಾ ಲಾಡ್ಜ್ ರೂಮ್ ಕೊಡುತ್ತೀರಾ, ರಾತ್ರಿ ವಾಪಸ್ ಯಾವ ಗಾಡಿಯಲ್ಲಿ ಕಳಿಸುತ್ತೀರಿ. ಪೇಮೆಂಟ್ ಮಾತು ಆಮೇಲೆ. ಇದು ಹೆಂಗಸರದ್ದು ಮಾತ್ರ ಅಲ್ಲ ಆರು_ತಂತಿ, ನೀವೂ ಕೇಳಿ. ಗಂಡಸರು ಕೇಳದೆ ಕೇಳದೆ ಇದು ಹೀಗಾಗಿದೆ.

ಮತ್ತೆ ಗಿಟಾರ್ ಬಗ್ಗೆ. ನಮ್ಮ ಕರಾವಳಿಯ ತೇವ ಮತ್ತು ಕಲಬುರಗಿಯ ಏಪ್ರಿಲ್ ಬಿಸಿಲು, ಎರಡೂ ಒಂದೇ ವಾರದಲ್ಲಿ ಸಿಕ್ಕಿದರೆ ನೆಕ್ ಬಾಗದೆ ಇರುವುದಿಲ್ಲ. ನೆಕ್ ಒಳಗಿನ ಬಾಗು ಸರಿಮಾಡುವ ಟ್ರಸ್ ರಾಡ್ ತಿರುಗಿಸಲು ಅಲೆನ್ ಕೀ ಜೊತೆಗಿರಲಿ, ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ. ಗಾಡಿ ನಿಲ್ಲಿಸಿ ಊಟಕ್ಕೆ ಹೋದಾಗ ಗಿಟಾರನ್ನು ಬಿಸಿಲಲ್ಲಿ ಬಿಡಬೇಡಿ, ಬ್ರಿಜ್ ಅಂಟು ಬಿಡುತ್ತದೆ. ನಾನು ಹೋಟೆಲ್ ಒಳಗೇ ತರುತ್ತೇನೆ. ಪಕ್ಕದ ಕುರ್ಚಿ ಅದಕ್ಕೇ. ಸಪ್ಲೈಯರ್ ಬಂದು "ಇನ್ನೊಬ್ರು ಬರ್ತಾರಾ?" ಅಂತ ಕೇಳುತ್ತಾರೆ.

ಬೇ_ಏರಿಯಾ_ಕನ್ನಡಿಗ

ನಾವು ಇಲ್ಲಿ ಅಮೆರಿಕದ ಕನ್ನಡ ಕೂಟದಲ್ಲಿ ಕಾರ್ಯಕ್ರಮ ಮಾಡಿಸುವವರು, ಹಾಗಾಗಿ ಆ ಕಡೆಯಿಂದ ಸ್ವಲ್ಪ. ಎರಡು ವರ್ಷಕ್ಕೊಮ್ಮೆ ಇಲ್ಲಿನ ಕನ್ನಡ ಸಂಘಟನೆಗಳ ಅಕ್ಕ ಸಮ್ಮೇಳನ, ನಾವಿಕ ಸಮ್ಮೇಳನ ನಡೆಯುತ್ತವೆ. ಅದಕ್ಕೆ ಬಂದ ಗಾಯಕರು ಹಾಗೇ ನಾಲ್ಕಾರು ಊರಿನ ಕೂಟಗಳಿಗೂ ಹೋಗುತ್ತಾರೆ. ಸಾಮಾನ್ಯವಾಗಿ ಕಲಾವಿದರಿಗೆ ಕೊಡುವ ಪಿ-3 ವೀಸಾ. ಎಲ್ಲ ವಾದ್ಯದವರನ್ನೂ ಕರೆಸಲು ಖರ್ಚು ತಡೆಯುವುದಿಲ್ಲ. ಕೀಬೋರ್ಡ್, ತಬಲಾ ಬರುತ್ತಾರೆ. ಗಿಟಾರ್‌ಗೆ ಇಲ್ಲೇ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮಂಥ ಒಬ್ಬರನ್ನು ಹಿಡಿಯುತ್ತಾರೆ. ಇದು ಗಿಟಾರಿಸ್ಟ್‌ಗಳಿಗೆ ಅನ್ಯಾಯ ಅಂತ ಗೊತ್ತು, ಆದರೂ ಇರುವುದು ಹೀಗೆ.

ಬರುವ ಅವಕಾಶ ಸಿಕ್ಕರೆ ಒಂದು ಮಾತು: ಇಲ್ಲಿ ಕರೆಂಟ್ 120 ವೋಲ್ಟ್. ಊರಿನ 230 ವೋಲ್ಟ್ ಅಡಾಪ್ಟರ್ ತಂದು ಪ್ರೊಸೆಸರ್ ಆನ್ ಆಗುತ್ತಿಲ್ಲ ಅಂತ ಶೋ ದಿನ ಪರದಾಡುವವರು ಪ್ರತಿ ಸಲ ಇರುತ್ತಾರೆ. ಅಡಾಪ್ಟರ್ ಮೇಲೆ 100–240 ಅಂತ ಬರೆದಿದ್ದರೆ ಮಾತ್ರ ತನ್ನಿ.

ಲೂಪ್_ಪೆಡಲ್, ಬೆಂಗಳೂರು

ರೆಕಾರ್ಡಿಂಗ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ, ನನ್ನ ಅನ್ನ ಅದೇ. ಈಗ ಸ್ಟುಡಿಯೋಗೆ ಹೋಗುವುದು ಕಡಿಮೆ. ಸಂಗೀತ ನಿರ್ದೇಶಕರು ಟ್ರ್ಯಾಕ್ ಕಳಿಸುತ್ತಾರೆ, ಟೆಂಪೋ ಹೇಳುತ್ತಾರೆ. ಮನೆಯಲ್ಲೇ ನುಡಿಸಿ, ಫೈಲ್ ವಾಪಸ್ ಕಳಿಸುತ್ತೇನೆ. ಹಾಡಿಗೆ ಇಷ್ಟು ಅಂತ ಒಂದೇ ಸಲ ದುಡ್ಡು. ಆ ಹಾಡು ಕೋಟಿ ಜನ ಕೇಳಿದರೂ ನನಗೆ ಮತ್ತೆ ಒಂದು ಪೈಸೆ ಬಂದಿಲ್ಲ. ಕ್ರೆಡಿಟ್‌ನಲ್ಲಿ ಹೆಸರು ಹಾಕಿಸುವುದೇ ದೊಡ್ಡ ಹೋರಾಟ.

ಕಾನೂನಿನಲ್ಲಿ ಕಲಾವಿದರಿಗೂ ಹಕ್ಕಿದೆ. 1957ರ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಬಂತು, ಹಾಡಿದವರಿಗೆ, ನುಡಿಸಿದವರಿಗೆ ರಾಯಲ್ಟಿ ಅನ್ನುವ ಮಾತು ಸೇರಿತು. ರಾಯಲ್ಟಿ ವಸೂಲಿ ಮಾಡಿ ಹಂಚುವ ಸಂಸ್ಥೆಗಳಿವೆ. ಐಪಿಆರ್‌ಎಸ್ ಇರುವುದು ಸಂಗೀತ ಮಾಡಿದವರಿಗೆ, ಸಾಹಿತ್ಯ ಬರೆದವರಿಗೆ. ಗಾಯಕರಿಗೆ, ವಾದಕರಿಗೆ ಇಸಾಮ್ರಾ ಇದೆ. ಸದಸ್ಯರಾಗಿ, ಆದರೆ ಅದನ್ನೇ ನಂಬಿ ಕೂರಬೇಡಿ. ನುಡಿಸಿದ ಪ್ರತಿ ಹಾಡಿನ ಹೆಸರು, ದಿನ, ಕಳಿಸಿದ ಮೆಸೇಜ್ ಇಟ್ಟುಕೊಳ್ಳಿ. ನಾಳೆ "ನೀನೇ ನುಡಿಸಿದ್ದು ಅನ್ನುವುದಕ್ಕೆ ಏನು ಸಾಕ್ಷಿ" ಅಂದರೆ ತೋರಿಸಲು ಬೇಕು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಸ್ಟೇಜ್ ಮಾತ್ರ ನಂಬಿದ್ದವರು ಒಂದೇ ವಾರದಲ್ಲಿ ಖಾಲಿ ಕೈ ಆದರು. ನನ್ನ ಗೆಳೆಯನೊಬ್ಬ ತರಕಾರಿ ಗಾಡಿ ಓಡಿಸಿದ. ಆನ್‌ಲೈನ್ ಕ್ಲಾಸ್ ಗೊತ್ತಿದ್ದವರು, ಮನೆಯಲ್ಲಿ ರೆಕಾರ್ಡ್ ಮಾಡಲು ಗೊತ್ತಿದ್ದವರು ಹೇಗೋ ನಡೆಸಿದರು. ಪಾಠ, ರೆಕಾರ್ಡಿಂಗ್, ಸ್ಟೇಜ್, ಈ ಮೂರರಲ್ಲಿ ಎರಡಾದರೂ ಇರಲಿ.

ಆರು_ತಂತಿ, ದಾವಣಗೆರೆ

ಇಷ್ಟೆಲ್ಲ ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಲ್ಟಿಮೀಟರ್ ಅಂಗಡಿಯಲ್ಲೇ ಇದೆ, ಬ್ಯಾಗಿಗೆ ಹಾಕಿಕೊಂಡೆ. ಅಂಗಡಿ ಯಜಮಾನರ ಹತ್ತಿರ ಮಾತಾಡಿದೆ. ಮೇ–ಜೂನ್‌ನಲ್ಲಿ ಕಾಲೇಜ್ ಹುಡುಗರಿಗೆ ಲ್ಯಾಪ್‌ಟಾಪ್ ಮಾರುವ ಸೀಸನ್, ಆಗ ಬಾ ಅಂದಿದ್ದಾರೆ. ಪೂರ್ತಿ ಸಂಬಳ ಅಲ್ಲ, ದಿನದ ಲೆಕ್ಕ.

ಇನ್ನೊಂದೇ ಪ್ರಶ್ನೆ. ಅಡ್ವಾನ್ಸ್ ಹೇಗೆ ಕೇಳುವುದು? ಗಾಯಕರು ದೊಡ್ಡವರು, ಮುಖ ನೋಡಿ ದುಡ್ಡಿನ ಮಾತು ಆಡಲು ನಾಲಿಗೆ ಏಳುವುದಿಲ್ಲ.

ಕಪ್ಪು_ಎರಡು, ಹುಬ್ಬಳ್ಳಿ

ಗಾಯಕರನ್ನು ಯಾಕೆ ಕೇಳುತ್ತೀರಿ? ತಂಡದಲ್ಲಿ ಡೇಟ್ ನೋಡಿಕೊಳ್ಳುವ ಮ್ಯಾನೇಜರ್ ಇರುತ್ತಾರಲ್ಲ, ಅವರ ಹತ್ತಿರ ಮಾತಾಡಿ. ಅದೂ ಫೋನಿನಲ್ಲಿ ಮಾತಾಡಿ, ಆಮೇಲೆ ಅದನ್ನೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ: "ಸರ್, ಮಾತಾಡಿದ ಹಾಗೆ ಶೋಗೆ ಇಷ್ಟು, ಟಿಎ (ಪ್ರಯಾಣದ ಖರ್ಚು) ಬೇರೆ, ಅರ್ಧ ಮೊದಲು." ಅವರು ಹೆಬ್ಬೆರಳು ಎತ್ತಿ ತೋರಿಸಿದರೆ ಸಾಕು, ಅದೇ ನಿಮ್ಮ ಕರಾರು ಪತ್ರ.

ಎಫ್_ಶಾರ್ಪ್_ಅಕ್ಕ, ಮಂಗಳೂರು

ಜೊತೆಗೆ ಸರ್ಕಾರಿ ಉತ್ಸವದ ಶೋಗಳಿಗೆ ದುಡ್ಡು ಯಾವಾಗ ಅಂತಲೂ ಕೇಳಿಕೊಳ್ಳಿ. ನನಗೆ ಒಂದು ಉತ್ಸವದ ಪೇಮೆಂಟ್ ಬಂದಾಗ ಮುಂದಿನ ವರ್ಷದ ಉತ್ಸವದ ಬ್ಯಾನರ್ ಕಟ್ಟುತ್ತಿದ್ದರು. ಚೆಕ್ ಬಂದ ಮೇಲೆ ಕೊಡುತ್ತೇವೆ ಅನ್ನುವ ತಂಡವೂ ಇದೆ, ತಾವೇ ಮೊದಲು ಕೊಟ್ಟು ಆಮೇಲೆ ವಸೂಲಿ ಮಾಡಿಕೊಳ್ಳುವ ತಂಡವೂ ಇದೆ. ನಿಮ್ಮದು ಯಾವುದು ಅಂತ ಈಗಲೇ ತಿಳಿದುಕೊಳ್ಳಿ.

ಹಳೇ_ಗಿವ್ಸನ್, ಮೈಸೂರು

ಸೀಸನ್ ಪೂರ್ತಿಗೆ ಪ್ಯಾಕೇಜ್ ಅಂತ ಮಾತಾಡಿದರೆ ಎಷ್ಟು ಶೋ ಅಂತ ಬರೆಸಿಕೋ. ಗಣೇಶನ ಹಬ್ಬ ಅಂದರೆ ಮಳೆ ಇದ್ದೇ ಇದೆ. ಊರಿಗೆ ಹೋಗಿ, ಸೌಂಡ್ ಚೆಕ್ ಮಾಡಿ, ಮಳೆ ಬಂದು ಶೋ ನಿಂತರೆ ಅದು ಲೆಕ್ಕಕ್ಕೆ ಸೇರುತ್ತದಾ ಇಲ್ಲವಾ, ಅದನ್ನೂ ಕೇಳು. ಹಾಡುಗಳ ಪಟ್ಟಿ ಬಂದ ಮೇಲೆ ಇಲ್ಲಿ ಹಾಕು, ಯಾವುದಕ್ಕೆ ಕೇಪೋ ಎಲ್ಲಿ ಅಂತ ಕೂತು ನೋಡೋಣ.